ಓದುವ ಸರದಿ ಬರುವಾಗಲೇ ಜಗಳ ಯಾಕೆ? ಸರ್ಕಾರಿ ಶಾಲೆಯ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ

ನಾಲ್ಕನೇ ತರಗತಿ. ಕನ್ನಡ ಪಾಠ. ಒಬ್ಬೊಬ್ಬರೇ ಎದ್ದು ನಿಂತು ನಾಲ್ಕು ಸಾಲು ಓದಬೇಕು. ಕೊನೆಯ ಸಾಲಿನ ಹುಡುಗ ಮೊದಲ ಹತ್ತು ನಿಮಿಷ ಸುಮ್ನೆ ಕೂತಿದ್ದ. ಅವನ ಸರದಿಗೆ ಇನ್ನು ಮೂವರು ಬಾಕಿ ಇದ್ದಾಗ ಪಕ್ಕದವನ ಪೆನ್ಸಿಲ್ ಕಿತ್ತುಕೊಂಡ. ಇನ್ನಿಬ್ಬರು ಇದ್ದಾಗ ಅವನ ಬೆನ್ನಿಗೆ ಗುದ್ದಿದ. ಗುದ್ದಿಸಿಕೊಂಡವನು ಅತ್ತ. ಟೀಚರ್ "ಏಳೋ, ಹೊರಗೆ ನಿಂತ್ಕೋ" ಅಂದರು. ಹುಡುಗ ಎದ್ದು ಹೋದ. ಹೋಗುವಾಗ ಮುಖದಲ್ಲಿ ಬೇಜಾರಿರಲಿಲ್ಲ. ಬಾಗಿಲು ದಾಟಿದ ಮೇಲೆ ಹೆಗಲು ಸಡಿಲ ಬಿಟ್ಟು ಒಂದು ದೊಡ್ಡ ಉಸಿರು ಬಿಟ್ಟ.

ನಾನು ಆ ದಿನ ತರಗತಿಯ ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಪಾಠ ಮುಗಿದ ಮೇಲೆ ಟೀಚರ್ ಹೇಳಿದರು: "ಇವನದು ದಿನಾ ಇದೇ ಗೋಳು. ಬೈದರೂ ಅಷ್ಟೇ, ಅವರಪ್ಪನನ್ನ ಕರೆಸಿದರೂ ಅಷ್ಟೇ." ಅವರು ಒಳ್ಳೆಯ ಟೀಚರ್. ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದರು. ಅದರ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಹಾಜರಿ ಬೇರೆ. ಆ ಹುಡುಗನನ್ನು ನಿಂತು ನೋಡೋಕೆ ಅವರಿಗೆ ಪುರುಸೊತ್ತೇ ಇರಲಿಲ್ಲ.

ಮಕ್ಕಳ ನಡವಳಿಕೆಯನ್ನು ಅರ್ಥ ಮಾಡಿಕೊಳ್ಳುವವರು ಮೂರು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಇದಕ್ಕೆ ಮುಂಚೆ ಏನಾಯ್ತು? ಮಗು ಏನು ಮಾಡಿತು? ಮಾಡಿದ ಮೇಲೆ ಅದಕ್ಕೆ ಏನು ಸಿಕ್ಕಿತು? ನಮ್ಮ ಕಣ್ಣಿಗೆ ಬೀಳೋದು ನಡುವಿನದು ಮಾತ್ರ. ಗುದ್ದಿದ, ಬೈದ, ಪುಸ್ತಕ ಹರಿದ. ಈ ಹುಡುಗನ ವಿಷಯದಲ್ಲಿ ಮೂರನ್ನೂ ಜೋಡಿಸಿ ನೋಡಿ. ಓದುವ ಸರದಿ ಹತ್ತಿರ ಬಂತು. ಗುದ್ದಿದ. ಹೊರಗೆ ಹೋದ, ಓದೋದು ತಪ್ಪಿತು. ಅವನಿಗೆ ಅಕ್ಷರ ಕೂಡಿಸಿ ಓದೋಕೆ ಬರುತ್ತಿರಲಿಲ್ಲ. ಎಲ್ಲರ ಎದುರು ತಡವರಿಸಿ ನಗೆಪಾಟಲಾಗುವುದಕ್ಕಿಂತ ಒರಟ ಅನ್ನಿಸಿಕೊಳ್ಳೋದೇ ಅವನಿಗೆ ವಾಸಿ ಅನ್ನಿಸಿತ್ತು. ನಾವು ಶಿಕ್ಷೆ ಅಂದುಕೊಂಡಿದ್ದು ಅವನ ಪಾಲಿಗೆ ಬಿಡುಗಡೆ.

ಎಲ್ಲ ಮಕ್ಕಳೂ ತಪ್ಪಿಸಿಕೊಳ್ಳೋಕೇ ಗಲಾಟೆ ಮಾಡ್ತಾರೆ ಅಂತಲ್ಲ. ಕೆಲವರಿಗೆ ಯಾರಾದರೂ ತಮ್ಮ ಕಡೆ ನೋಡಬೇಕು. ಬೈದರೂ ಪರವಾಗಿಲ್ಲ, ಹೆಸರು ಹಿಡಿದು ಕರೆದರೆ ಸಾಕು. ಕೆಲವರಿಗೆ ಹಸಿವು. ಬೆಳಿಗ್ಗೆ ಅಪ್ಪ ಅಮ್ಮ ಕೂಲಿಗೆ ಹೊರಟ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ, ಮಗು ಹನ್ನೊಂದು ಗಂಟೆಯ ಹೊತ್ತಿಗೆ ಕಿರಿಕಿರಿ ಮಾಡುತ್ತದೆ. ಕೆಲವರಿಗೆ ಬೋರ್ಡ್ ಮೇಲಿನ ಅಕ್ಷರ ಕಾಣುತ್ತಿರುವುದಿಲ್ಲ, ಕಿವಿ ಸರಿಯಾಗಿ ಕೇಳುತ್ತಿರುವುದಿಲ್ಲ. ಅದಕ್ಕೇ "ಈ ಮಗುವಿಗೆ ಏನೋ ಮಾನಸಿಕ ಸಮಸ್ಯೆ" ಅನ್ನುವ ಮೊದಲು ಕಣ್ಣು, ಕಿವಿ, ಹೊಟ್ಟೆ ನೋಡಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಶಾಲೆಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಗೈರಾದ ಮಗುವನ್ನು ನೆನಪಿಟ್ಟುಕೊಂಡು ಆಮೇಲಾದರೂ ತೋರಿಸಬೇಕು. ಗೈರಾಗುವ ಮಗುವಿಗೇ ಅದು ಜಾಸ್ತಿ ಬೇಕಾಗಿರುತ್ತದೆ.

ಆ ಹುಡುಗನಿಗೆ ಟೀಚರ್ ಆಮೇಲೆ ಮಾಡಿದ್ದು ತುಂಬಾ ಸಣ್ಣ ಕೆಲಸ. ಸಂಜೆ ಬೆಲ್ ಹೊಡೆಯುವ ಮುಂಚೆ ಐದು ನಿಮಿಷ ಕೂರಿಸಿಕೊಂಡು "ನಾಳೆ ನೀನು ಓದೋದು ಈ ಎರಡೇ ಸಾಲು" ಅಂತ ತೋರಿಸಿ, ಜೊತೆಗೆ ಓದಿಸಿ ಕಳಿಸಿದರು. ಎರಡು ವಾರದಲ್ಲಿ ಗುದ್ದಾಟ ಕಮ್ಮಿಯಾಯ್ತು. ಪೂರ್ತಿ ನಿಲ್ಲಲಿಲ್ಲ. ಓದು ಮಾತ್ರ ಯಾಕೋ ಮುಂದೆ ಹೋಗುತ್ತಿಲ್ಲ ಅಂತ ಗೊತ್ತಾದ ಮೇಲೆ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರಿಗೆ (ಬಿಐಇಆರ್‌ಟಿ) ತೋರಿಸಿದರು. ಕಲಿಕೆಯ ತೊಂದರೆ, ಅಂದರೆ ಅಕ್ಷರ ಗುರುತಿಸಿ ಓದೋದೇ ಕಷ್ಟವಾಗುವ ಡಿಸ್ಲೆಕ್ಸಿಯಾದಂಥದ್ದು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಇಂಥ ಸೌಲಭ್ಯ ಸಿಗುತ್ತವೆ. ಇದು ಗೊತ್ತಿಲ್ಲದೆ "ದಡ್ಡ" ಅನ್ನೋ ಹೆಸರು ಹೊತ್ತು ಶಾಲೆ ಬಿಟ್ಟ ಮಕ್ಕಳು ಪ್ರತಿ ಊರಲ್ಲೂ ಇದ್ದಾರೆ.

ಗಲಾಟೆ ಮಾಡದ ಮಕ್ಕಳು

ಗುದ್ದುವ ಹುಡುಗ ಹೇಗಾದರೂ ಕಣ್ಣಿಗೆ ಬೀಳುತ್ತಾನೆ. ನನಗೆ ಜಾಸ್ತಿ ಚಿಂತೆ ಸುಮ್ಮನಿರುವ ಮಕ್ಕಳದ್ದು.

ಒಂದು ಏಳನೇ ತರಗತಿಯ ಹುಡುಗಿ. ಬೆಳಗಿನ ಪ್ರಾರ್ಥನೆಗೆ ಮುಂದೆ ನಿಂತು ಹೇಳಿಕೊಡುತ್ತಿದ್ದವಳು. ದಸರಾ ರಜೆ ಕಳೆದು ಬಂದ ಮೇಲೆ ಹಿಂದಿನ ಸಾಲಿಗೆ ಹೋದಳು. ಯಾರಿಗೂ ತೊಂದರೆ ಕೊಡಲಿಲ್ಲ. ಕೊಟ್ಟ ಲೆಕ್ಕ ಮಾಡುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ದಿನಾ ಹಾಜರ್. ಸೋಮವಾರ ಮಾತ್ರ ಹೊಟ್ಟೆ ನೋವು ಅಂತ ಮೂಲೆಯಲ್ಲಿ ಕೂರುತ್ತಿದ್ದಳು. "ಜಾಣೆ, ಗಲಾಟೆ ಇಲ್ಲ" ಅಂತಲೇ ಎಲ್ಲರೂ ಹೇಳುತ್ತಿದ್ದರು.

ಮಕ್ಕಳಿಗೆ ದುಃಖ ಬಂದಾಗ ದೊಡ್ಡವರ ಹಾಗೆ "ನನಗೆ ಬೇಜಾರಾಗಿದೆ" ಅಂತ ಹೇಳೋಕೆ ಬರೋದಿಲ್ಲ. ಹೊಟ್ಟೆ ನೋವು ಬರುತ್ತದೆ, ತಲೆ ನೋವು ಬರುತ್ತದೆ. ಆ ನೋವು ಸುಳ್ಳಲ್ಲ, ನಿಜವಾಗಿಯೂ ನೋಯುತ್ತದೆ. ಹದಿಹರೆಯದವರಲ್ಲಿ ದುಃಖ ಎಷ್ಟೋ ಸಲ ಸಿಟ್ಟಾಗಿ ಹೊರಗೆ ಬರುತ್ತದೆ. ಇನ್ನು ಕೆಲವು ಮಕ್ಕಳು ಆಟ ಬಿಡುತ್ತಾರೆ, ಊಟ ಬಿಡುತ್ತಾರೆ, ಇಷ್ಟಪಡುತ್ತಿದ್ದ ಗೆಳತಿಯ ಜೊತೆ ಮಾತು ಬಿಡುತ್ತಾರೆ. ಒಂದು ದಿನ ಹೀಗಾದರೆ ಗಾಬರಿ ಬೇಡ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಯಾರಾದರೂ ಒಬ್ಬರು ಪಕ್ಕ ಕೂತು ಕೇಳಬೇಕು.

ಎಷ್ಟು ಮಕ್ಕಳ ಮಾತು ಇದು? ನಮ್ಮ ನಿಮ್ಹಾನ್ಸ್ ಮುಂದೆ ನಿಂತು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. 40 ಮಕ್ಕಳ ತರಗತಿ ಅಂದರೆ ಸುಮಾರು ಮೂವರು. ಈಗ ನಿಮ್ಮೂರಿನ ಹೈಸ್ಕೂಲನ್ನು ಕಣ್ಮುಂದೆ ತಂದುಕೊಳ್ಳಿ, ಪ್ರತಿ ತರಗತಿಯಲ್ಲೂ ಮೂವರು. ಇದು ರೋಗ ಅಂತ ಹೇಳಬಹುದಾದಷ್ಟು ತೊಂದರೆ ಇರುವವರ ಲೆಕ್ಕ ಮಾತ್ರ. ಅಪ್ಪ ಕುಡಿದು ಬಂದ ರಾತ್ರಿಯ ಮರುದಿನ ಶಾಲೆಗೆ ಬರುವ ಮಗು ಈ ಲೆಕ್ಕದಲ್ಲಿ ಬರೋದಿಲ್ಲ. ಮದುವೆ ಮಾತು ನಡೆಯುತ್ತಿರುವ ಒಂಬತ್ತನೇ ತರಗತಿಯ ಹುಡುಗಿಯೂ ಬರೋದಿಲ್ಲ. ಇನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಈ ಸಂಖ್ಯೆ ಬರೆಯುವಾಗ ಕೈ ನಡುಗುತ್ತದೆ.

ಪೋಲಿಯೊ ಹನಿ, ಪಿಎಚ್‌ಸಿ, ಜಿಲ್ಲಾಸ್ಪತ್ರೆ

ಹಾಗಾದರೆ ಎಲ್ಲ ಮಕ್ಕಳನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಾ? ಬೇಡ. ಮೈಯ ಆರೋಗ್ಯದಲ್ಲಿ ನಾವು ಮಾಡೋದನ್ನೇ ನೆನೆಸಿಕೊಳ್ಳಿ. ಪೋಲಿಯೊ ಹನಿ ಎಲ್ಲ ಮಕ್ಕಳಿಗೂ ಹಾಕುತ್ತೇವೆ. ಜ್ವರ ಬಂದ ಮಗುವನ್ನು ಪಿಎಚ್‌ಸಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಆಗದಿದ್ದರೆ ಜಿಲ್ಲಾಸ್ಪತ್ರೆ. ಮನಸ್ಸಿನ ಆರೋಗ್ಯಕ್ಕೂ ಶಾಲೆಯಲ್ಲಿ ಹೀಗೇ ಮೂರು ಹಂತ ಬೇಕು.

ಮೊದಲ ಹಂತ ಎಲ್ಲರಿಗೂ. ಇದಕ್ಕೆ ದುಡ್ಡು ಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯೋದು. ಇವತ್ತು ಏನೇನು ನಡೆಯುತ್ತದೆ ಅಂತ ಬೆಳಿಗ್ಗೆಯೇ ಹೇಳಿಬಿಡೋದು. ಮನೆಯಲ್ಲಿ ಏನಾಗುತ್ತದೋ ಗೊತ್ತಿಲ್ಲದ ಮಗುವಿಗೆ ಶಾಲೆಯಲ್ಲಾದರೂ ಮುಂದೇನು ಅಂತ ಗೊತ್ತಿದ್ದರೆ ಎಷ್ಟು ನೆಮ್ಮದಿ! "ಗಲಾಟೆ ಮಾಡಬೇಡಿ" ಅನ್ನುವ ಬದಲು "ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ" ಅನ್ನೋದು. "ವೆರಿ ಗುಡ್" ಅಂತ ಬಾಯಿಮಾತಿಗೆ ಹೇಳೋದಕ್ಕಿಂತ "ಬಿದ್ದವನನ್ನು ನೀನು ಎಬ್ಬಿಸಿದೆಯಲ್ಲ, ನಾನು ನೋಡಿದೆ" ಅನ್ನೋದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ನಮ್ಮ ರಾಜ್ಯದ್ದೇ ಉದಾಹರಣೆ. ಒಂದರಿಂದ ಮೂರನೇ ತರಗತಿಯವರೆಗೆ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ಗುಂಪಿನಲ್ಲಿ ಕೂರುತ್ತದೆ, ಹಾಡುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಸಲುಗೆ ಎಲ್ಲ ನಿಂತು ಹೋಗಬಾರದು ಅನ್ನೋದು ನನ್ನ ಆಸೆ. ಮೊದಲು ಹೇಳಿದ ಹುಡುಗ ನಾಲ್ಕನೇ ತರಗತಿಯಲ್ಲೇ ಗುದ್ದೋಕೆ ಶುರು ಮಾಡಿದ್ದ.

ಈ ಹಂತದಲ್ಲೇ ಬರುವ ಇನ್ನೊಂದು ವಿಷಯ ಏಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನೂ ಮಾನಸಿಕವಾಗಿ ಹಿಂಸಿಸೋದನ್ನೂ ಎರಡನ್ನೂ ನಿಷೇಧಿಸಿದೆ. ಆದರೂ "ನಾವೆಲ್ಲ ಏಟು ತಿಂದೇ ಕಲಿತವರಲ್ವಾ" ಅನ್ನೋ ಮಾತು ಹೋಗಿಲ್ಲ. ಹೇಳುವವರಲ್ಲಿ ಬಹಳ ಜನ ಮಕ್ಕಳ ಮೇಲೆ ಪ್ರೀತಿ ಇರುವವರೇ. ಆದರೆ ಏಟು ತಿಂದು ಶಾಲೆ ಬಿಟ್ಟವರು ಈ ಮಾತು ಆಡೋಕೆ ನಮ್ಮ ಜೊತೆ ಕೂತಿಲ್ಲ. ಅವರು ಎಮ್ಮೆ ಕಾಯೋಕೆ ಹೋದರು, ಹೋಟೆಲ್ ಲೋಟ ತೊಳೆಯೋಕೆ ಹೋದರು. ಹೆದರಿದ ಮಗುವಿನ ಗಮನವೆಲ್ಲ ಬೆತ್ತದ ಮೇಲೆ ಇರುತ್ತದೆ, ಪಾಠ ತಲೆಗೆ ಹತ್ತೋದಿಲ್ಲ. ಅದು ಕಲಿಯೋದು ಸಿಕ್ಕಿಹಾಕಿಕೊಳ್ಳದೆ ಇರೋದು ಹೇಗೆ ಅನ್ನೋದನ್ನ ಮಾತ್ರ.

ಎರಡನೇ ಹಂತ ಕೆಲವು ಮಕ್ಕಳಿಗೆ. ಗುದ್ದುವ ಹುಡುಗ, ಪ್ರಾರ್ಥನೆ ಬಿಟ್ಟ ಹುಡುಗಿ, ಗುಳೆ ಹೋಗಿ ಮೂರು ತಿಂಗಳ ನಂತರ ವಾಪಸ್ ಬಂದ ಮಗು, ಮನೆಯಲ್ಲಿ ಸಾವು ಕಂಡ ಮಗು. ಇವರಿಗೆ ಔಷಧಿ ಬೇಕಾಗಿಲ್ಲ. ವಾರಕ್ಕೊಮ್ಮೆಯಾದರೂ ತಮ್ಮ ಮಾತು ಕೇಳುವ ಒಬ್ಬ ಮನುಷ್ಯ ಬೇಕು.

ಮೂರನೇ ಹಂತ ಬೆರಳೆಣಿಕೆಯ ಮಕ್ಕಳಿಗೆ. ಇವರಿಗೆ ಮನೋವೈದ್ಯರೇ ಬೇಕು. ಕರ್ನಾಟಕದಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಇದೆ. ನಮ್ಮ ಎಷ್ಟೋ ಶಾಲೆಗಳಿಗೆ ಇವೆಲ್ಲ ಇರೋದೇ ಗೊತ್ತಿಲ್ಲ. ಗೊತ್ತಿದ್ದರೂ ಮನೆಯವರಿಗೆ ಹೇಳೋದು ಹೇಗೆ ಅನ್ನೋ ಹಿಂಜರಿಕೆ. "ನಿಮ್ಮ ಮಗುವನ್ನ ಹುಚ್ಚಿನ ಡಾಕ್ಟರ್‌ಗೆ ತೋರಿಸಿ" ಅಂದಹಾಗೆ ಕೇಳಿಸಿದರೆ ಅವರು ಅಂತ್ರ ಕಟ್ಟಿಸೋಕೆ ಹೋಗುತ್ತಾರೆ, ಅದು ಸಹಜ. "ಮೂರು ವಾರದಿಂದ ನಿದ್ದೆ ಬರ್ತಿಲ್ಲವಂತೆ, ಊಟ ಸೇರ್ತಿಲ್ಲವಂತೆ, ಒಮ್ಮೆ ಡಾಕ್ಟರ್‌ಗೆ ತೋರಿಸೋಣ, ನಾನೂ ಬರ್ತೀನಿ" ಅಂದು ನೋಡಿ. ಆ ಕೊನೆಯ ಎರಡು ಪದ ಇದ್ದರೆ ಅಮ್ಮಂದಿರು ಬರುತ್ತಾರೆ.

ಆ ಒಬ್ಬ ಮನುಷ್ಯ ಯಾರು?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಎರಡನೇ ಹಂತ. ಅಲ್ಲೇ ನಮ್ಮ ಶಾಲೆಗಳಲ್ಲಿ ದೊಡ್ಡ ಖಾಲಿ ಜಾಗ ಇದೆ. ಏನಾದರೂ ಹೊಸದು ಬೇಕು ಅಂದ ಕೂಡಲೇ ನಾವು ಮಾಡೋದು ಒಂದೇ, ಟೀಚರ್‌ಗೆ ಎರಡು ದಿನದ ತರಬೇತಿ ಕೊಟ್ಟು "ಇನ್ನು ಮೇಲೆ ಇದೂ ನಿಮ್ಮದೇ" ಅನ್ನೋದು.

ಬಿಹಾರದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನಳಂದ ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಸರ್ಕಾರಿ ಹೈಸ್ಕೂಲುಗಳಲ್ಲಿ ನಡೆದ ಆ ಪ್ರಯೋಗದ ಹೆಸರು ಸೆಹರ್. ಗೋವಾದ ಸಂಗಾತ್ ಸಂಸ್ಥೆಯವರು ಇದರಲ್ಲಿದ್ದರು. ಶಾಲೆಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಶಾಲೆಗಳಲ್ಲಿ ಸರ್ಕಾರದ ಎಂದಿನ ಜೀವನ ಕೌಶಲದ ಪಾಠ ಮಾತ್ರ. ಎರಡನೆಯದರಲ್ಲಿ ಅದೇ ಶಾಲೆಯ ಒಬ್ಬ ಶಿಕ್ಷಕರಿಗೆ ತರಬೇತಿ ಕೊಟ್ಟು ಈ ಕೆಲಸ ಒಪ್ಪಿಸಿದರು. ಮೂರನೆಯದರಲ್ಲಿ ಇದೇ ಕೆಲಸಕ್ಕೆ ಬೇರೆ ಒಬ್ಬರನ್ನು ಇಟ್ಟರು. ಅವರು ಮನೋವೈದ್ಯರಲ್ಲ, ಮನಃಶಾಸ್ತ್ರ ಓದಿ ಪರಿಣತರಾದವರೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಸೆಹರ್ ಮಿತ್ರ ಅಂತ ಅವರ ಹೆಸರು. ಬೆಳಗಿನ ಪ್ರಾರ್ಥನೆ ಹೊತ್ತಲ್ಲಿ ಮಕ್ಕಳ ಜೊತೆ ಮಾತಾಡೋದು, ಗೋಡೆ ಪತ್ರಿಕೆ ಮಾಡಿಸೋದು, ಮಕ್ಕಳು ತಮ್ಮ ಕಷ್ಟ ಬರೆದು ಹಾಕೋಕೆ ಒಂದು ಪೆಟ್ಟಿಗೆ ಇಡೋದು, ಗುಂಪು ಚರ್ಚೆ, ಬೇಕು ಅಂದ ಮಗುವಿನ ಜೊತೆ ಒಬ್ಬರೇ ಕೂತು ಮಾತು. ಅಷ್ಟೇ ಕೆಲಸ.

ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಿತ್ರ ಇದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಕಮ್ಮಿಯಾಗಿತ್ತು. ಒಬ್ಬರನ್ನೊಬ್ಬರು ಕಾಡಿಸೋದು ಕಮ್ಮಿಯಾಗಿತ್ತು. "ಈ ಶಾಲೆ ನಮ್ಮದು, ಇಲ್ಲಿ ನಮ್ಮನ್ನ ಕೇಳುವವರಿದ್ದಾರೆ" ಅನ್ನೋ ಭಾವನೆ ಜಾಸ್ತಿಯಾಗಿತ್ತು. ಶಿಕ್ಷಕರಿಗೇ ಕೆಲಸ ಒಪ್ಪಿಸಿದ ಶಾಲೆಗಳಲ್ಲಿ? ಎಂದಿನ ಪಾಠ ಮಾತ್ರ ಇದ್ದ ಶಾಲೆಗಳಿಗೂ ಇವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ವರ್ಷ ಮುಂದುವರಿಸಿ ನೋಡಿದಾಗ ಮಿತ್ರ ಇದ್ದ ಶಾಲೆಗಳಲ್ಲಿ ಪ್ರಯೋಜನ ಇನ್ನೂ ಹೆಚ್ಚಿತ್ತು.

ಇದನ್ನು ಓದಿ ಟೀಚರ್‌ಗಳನ್ನು ದೂರೋದು ತಪ್ಪು. ನನಗೆ ಕಾಣುವ ಕಾರಣ ಎರಡು. ಒಂದು, ಸಮಯ. ಪಾಠ, ಪರೀಕ್ಷೆ, ಲೆಕ್ಕಪತ್ರ, ಚುನಾವಣೆ, ಸಮೀಕ್ಷೆ ಎಲ್ಲ ಮುಗಿಸಿದ ಮೇಲೆ ಉಳಿಯೋದು ಸುಸ್ತು. ಎರಡು, ಅಂಕ ಕೊಡುವವರ ಹತ್ತಿರ, ನಾಳೆ ಅಪ್ಪನನ್ನು ಕರೆಸಬಲ್ಲವರ ಹತ್ತಿರ ಮಗು ಬಾಯಿ ಬಿಡೋದು ಕಷ್ಟ. ಟೀಚರ್ ಎಷ್ಟೇ ಒಳ್ಳೆಯವರಾದರೂ ಆ ಅಂತರ ಇದ್ದೇ ಇರುತ್ತದೆ. ಮೊದಲ ಹಂತದ ಕೆಲಸ ಟೀಚರ್ ಬಿಟ್ಟು ಬೇರೆಯವರಿಂದ ಆಗೋದಿಲ್ಲ. ಎರಡನೇ ಹಂತಕ್ಕೆ ಮಾತ್ರ ಬೇರೆ ಕೈ, ಬೇರೆ ಕಿವಿ ಬೇಕು.

ಮನೋವೈದ್ಯರಲ್ಲದವರೂ ತರಬೇತಿ ಪಡೆದು ಇಂಥ ಕೆಲಸ ಮಾಡಬಲ್ಲರು ಅನ್ನೋದು ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದನ್ನು ಕಲಿಸಿತು. ಅದೇ ಬಳ್ಳಾರಿ ಮಾದರಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಊರಿನ ಆಸ್ಪತ್ರೆಗೆ ನಾವು ಮಾಡಿ ತೋರಿಸಿದ್ದನ್ನು ಊರಿನ ಶಾಲೆಗೆ ಇನ್ನೂ ತಂದಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹತೆ ಇರುವ ಒಬ್ಬ ಆಪ್ತ ಸಮಾಲೋಚಕರಾದರೂ ಇರಬೇಕು. ಅದಕ್ಕಿಂತ ಕಮ್ಮಿ ಇದ್ದರೆ ಹೊರಗಿನ ತಜ್ಞರ ಜೊತೆ ಸಂಪರ್ಕದ ವ್ಯವಸ್ಥೆ ಇರಬೇಕು. ಇದು ದೊಡ್ಡ ಹೆಜ್ಜೆ. ಆದರೆ ನಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳನ್ನು ನೋಡಿ. ಇಪ್ಪತ್ತು, ಮೂವತ್ತು, ಐವತ್ತು ಮಕ್ಕಳು. ನೂರರ ಗೆರೆ ಇವರನ್ನು ಮುಟ್ಟೋದೇ ಇಲ್ಲ. ಇಂಥ ಶಾಲೆಗಳಿಗೆ ಕ್ಲಸ್ಟರ್‌ಗೊಬ್ಬರಂತೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬರಂತೆ ಇಟ್ಟು, ವಾರದ ಒಂದು ಗೊತ್ತಾದ ದಿನ ಒಂದು ಶಾಲೆಗೆ ಬರುವ ಹಾಗೆ ಮಾಡಬಹುದು. ಬುಧವಾರ ಅಂದರೆ ಬುಧವಾರ. ಬರ್ತೀನಿ ಅಂದವರು ಬರದಿದ್ದರೆ ಮಗು ಎರಡನೇ ಸಲ ನಂಬೋದಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಈ ಬೇಡಿಕೆ ಇಡಬಹುದು. ಶೌಚಾಲಯ, ಕಾಂಪೌಂಡ್ ಕೇಳುವ ಹಾಗೆ ಇದನ್ನೂ ಕೇಳಬೇಕು.

ಕಾಯೋಕೆ ಆಗದ ಸಂದರ್ಭ

ಮಗು "ನಾನು ಇರಬಾರದು", "ಸತ್ತರೆ ಚೆನ್ನಾಗಿರುತ್ತೆ" ಅಂದರೆ, ಕೈ ಕುಯ್ದುಕೊಂಡ ಗುರುತು ಕಂಡರೆ, ಇಷ್ಟದ ವಸ್ತುಗಳನ್ನೆಲ್ಲ ಇದ್ದಕ್ಕಿದ್ದ ಹಾಗೆ ಹಂಚಿಬಿಟ್ಟರೆ, ಅವತ್ತೇ ಕೇಳಿ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ ಪುಟ್ಟ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನೋ ಭಯ ಬೇಡ. ಕೇಳಿದರೆ ಮಗುವಿನ ಭಾರ ಇಳಿಯುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿ ಇದ್ದರೆ ಅದನ್ನು ಅವತ್ತೇ ಬೇರೆ ಕಡೆ ಇಡೋಕೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಟೀಚರ್, ಪೋಷಕರು, ಮಕ್ಕಳು ಯಾರು ಬೇಕಾದರೂ ಕರೆ ಮಾಡಬಹುದು. ಬಾಲ್ಯವಿವಾಹ, ದುಡಿಮೆ, ಹಿಂಸೆಯ ವಿಷಯ ಇದ್ದರೆ ಮಕ್ಕಳ ಸಹಾಯವಾಣಿ 1098.

ಇನ್ನೊಂದು. "ಯಾರಿಗೂ ಹೇಳಲ್ಲ, ನೀನು ಹೇಳು" ಅಂತ ಮಗುವಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. "ನಿನಗೆ ತೊಂದರೆ ಇದೆ ಅಂತ ಗೊತ್ತಾದರೆ ಸಹಾಯ ಮಾಡಬಲ್ಲ ಒಬ್ಬರಿಗೆ ಮಾತ್ರ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ" ಅಂದರೆ ಮಗುವಿಗೆ ಅರ್ಥವಾಗುತ್ತದೆ.

ಆ ಏಳನೇ ತರಗತಿ ಹುಡುಗಿಯ ವಿಷಯ ಮೊದಲು ಗಮನಿಸಿದ್ದು ಬಿಸಿಯೂಟದ ಅಕ್ಕ. ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದಳು, ಅನ್ನ ಹಾಕಿಸಿಕೊಳ್ಳುತ್ತಿದ್ದಳು, ಕಂಬದ ಹಿಂದೆ ಹೋಗಿ ಅದನ್ನು ಚಿಕ್ಕ ಮಕ್ಕಳ ತಟ್ಟೆಗೆ ಸುರಿದು ಬರುತ್ತಿದ್ದಳು. ಅಕ್ಕ ನಾಲ್ಕು ದಿನ ನೋಡಿದರು. ಐದನೇ ದಿನ ಪಾತ್ರೆ ತೊಳೆಯುವ ಕಡೆ ಕರೆದು "ಯಾಕವ್ವ, ನನ್ನ ಸಾರು ಸೇರ್ತಿಲ್ವಾ?" ಅಂತ ಕೇಳಿದರು. ಹುಡುಗಿ ಅತ್ತಳು. ಅಪ್ಪ ಅಮ್ಮ ದಸರಾ ಆದ ಮೇಲೆ ಗುಳೆ ಹೋಗಿದ್ದರು, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ತಮ್ಮನನ್ನು ಕರೆದುಕೊಂಡು ಹೋಗಿದ್ದರು, ಇವಳನ್ನು ಅಜ್ಜಿ ಹತ್ತಿರ ಬಿಟ್ಟಿದ್ದರು. ಭಾನುವಾರ ರಾತ್ರಿ ಅಮ್ಮನ ಫೋನು ಬರಬೇಕು. ಎಷ್ಟೋ ಭಾನುವಾರ ಬರುತ್ತಿರಲಿಲ್ಲ.

ಅಕ್ಕ ಹೆಡ್‌ಮೇಡಂಗೆ ಹೇಳಿದರು. ಮೇಡಂ ಅಮ್ಮನ ನಂಬರ್ ಹುಡುಕಿ ಮಾತಾಡಿದರು. ಈಗ ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ, ಅಲ್ಲಿ ಕೆಲಸಕ್ಕೂ ಬಿಡುವು ಇರುವಾಗ, ಫೋನು ಮೇಡಂ ಮೊಬೈಲಿಗೆ ಬರುತ್ತದೆ. ಹುಡುಗಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾಳೆ. ಹೊಟ್ಟೆ ನೋವು ಕೆಲವು ಸೋಮವಾರ ಈಗಲೂ ಬರುತ್ತದೆ. ಅವತ್ತು ಅಕ್ಕ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಾರೆ, ಏನೂ ಕೇಳೋದಿಲ್ಲ.